ಕೊಂಬೆ ಕಡಿಯದ್ದಕ್ಕೆ ಬಂದ ಹಣ

ನಾವಿರುವ ಡೊಂಬಿವ್ಲಿಯಿಂದ ಲೋಕಲ್ ಗಾಡಿಯಲ್ಲಿ ಹೋಗಿ ಟಿಟ್ವಾಳಾ ಸ್ಟೇಷನ್ನಿನಲ್ಲಿ ಇಳಿದು, ಶೇರ್ ರಿಕ್ಷಾದಲ್ಲಿ ಕೊನೆಯ ಸ್ಟಾಪಿನವರೆಗೆ ಹೋಗಿ, ಅಲ್ಲಿಂದ ಇಪ್ಪತ್ತು ನಿಮಿಷ ನಡೆದರೆ ಎರಡು ಎಕರೆ ಜಾಗ ಸಿಗುತ್ತದೆ. ಅದು ನನ್ನ ಹೆಸರಿನಲ್ಲಿದೆ. ನನ್ನ ಹೆಸರಿನಲ್ಲಿರುವುದಕ್ಕೆ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಇಲ್ಲಿ ಹೊಲ ಕೊಳ್ಳಬೇಕಾದರೆ ಕೊಳ್ಳುವವರು ಮೊದಲೇ ರೈತರೆಂಬ ದಾಖಲೆ ತೋರಿಸಬೇಕು. ನಮ್ಮ ಮನೆಯವರು ವಾಗ್ಳೆ ಎಸ್ಟೇಟಿನ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಕ್ಯಾಂಟೀನ್ ನಡೆಸಿದವರು. ಉಡುಪಿಯ ಕಡೆ ಅವರಿಗೆ ಒಂದು ಹಿಡಿ ಮಣ್ಣೂ ಇರಲಿಲ್ಲ. ನನಗೆ ಅಪ್ಪನಿಂದ ಬಂದ ಗದ್ದೆಯ ಒಂದು ತುಂಡು ಇತ್ತು. ಭೂಮಸೂದೆಯ ಕಾಲದಲ್ಲಿ ಒಕ್ಕಲಿನವರು ಉಳುವ ನೆಲ ತಮ್ಮದೆಂದು ಡಿಕ್ಲರೇಶನ್ ಕೊಟ್ಟು ನಮ್ಮ ಗದ್ದೆಗಳೆಲ್ಲ ಹೋದ ಮೇಲೆ ಉಳಿದ ತುಂಡು ಅದು. ಆ ತುಂಡಿನ ದಾಖಲೆ ತೋರಿಸಿ ಇವರು ನನ್ನ ಹೆಸರಿನಲ್ಲಿ ಈ ಜಾಗ ಮಾಡಿಸಿದರು. "ನೋಡು, ಡೊಂಬಿವ್ಲಿಯ ಮೂರನೇ ಮಾಳಿಗೆಯಲ್ಲಿ ಕೂತ ರೈತಳು ನೀನು" ಎಂದು ಆಗಾಗ ತಮಾಷೆ ಮಾಡುತ್ತಿದ್ದರು.

ಜಾಗದ ಮೇಲಿನ ಅರ್ಧ ಇಳಿಜಾರು. ಅಲ್ಲಿ ಮತ್ತಿ ಮರಗಳು, ಹುಲ್ಲು. ಕೆಳಗಿನ ಅರ್ಧ ಗದ್ದೆ. ಗದ್ದೆಯ ಅಂಚಿಗೆ ಒಂದು ಗುಡಿಸಲು. ಅದರಲ್ಲಿ ಆ ಕಡೆಯ ಆದಿವಾಸಿ ಹೆಂಗಸೊಬ್ಬಳು ಒಬ್ಬಳೇ ಇರುತ್ತಾಳೆ. ವಯಸ್ಸಿನಲ್ಲಿ ನನ್ನ ಸರೀಕಳು. ನಾವು ಅವಳನ್ನು ಇಲ್ಲಿನವರ ಹಾಗೆ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತೇವೆ. ನಾವು ಜಾಗ ಕೊಳ್ಳುವ ಮೊದಲೇ ಅವಳು ಅಲ್ಲಿದ್ದಳು. ಸಂಬಳ ಇಲ್ಲ, ಜಾಗ ನೋಡಿಕೊಳ್ಳುವುದು, ಮಳೆಗಾಲದಲ್ಲಿ ಭತ್ತ ಬೆಳೆದು ಬೆಳೆಯೆಲ್ಲ ತಾನೇ ಇಟ್ಟುಕೊಳ್ಳುವುದು. ಇಪ್ಪತ್ತು ವರ್ಷ ಇದೆಲ್ಲ ಬಾಯಿಮಾತಿನಲ್ಲಿಯೇ ನಡೆದುಬಂತು. ಕಾಗದ ಎಂದರೆ ನಮ್ಮವರಿಗೆ ಆಗದು. "ಏನು ಬೇಕಾದರೂ ಕೊಡು, ಬರೆದು ಮಾತ್ರ ಕೊಡಬೇಡ. ನಿನ್ನ ಅಪ್ಪನ ಗದ್ದೆ ಹೇಗೆ ಹೋಯಿತು ಗೊತ್ತುಂಟಲ್ಲ" ಎನ್ನುತ್ತಿದ್ದರು. ನನಗೂ ಗೊತ್ತಿತ್ತು. ಆದ್ದರಿಂದ ನಾನೂ ಸುಮ್ಮನಿದ್ದೆ.

ಹೋಟೆಲು, ಕ್ಯಾಂಟೀನು ನಡೆಸುವ ನಮ್ಮ ಕಡೆಯವರನ್ನೆಲ್ಲ ಇಲ್ಲಿನ ಜನ ಅಣ್ಣಾ ಎಂದೇ ಕರೆಯುವುದು. ಹಾಗಾಗಿ ಮಾವಶಿಗೆ ಇವರು ಅಣ್ಣಾ, ನಾನು ಅಕ್ಕಾ. "ಅಣ್ಣಾ ಅಕ್ಕಾ ಒಂದೇ ಮನೆಯಲ್ಲಿ ಸಂಸಾರ ಮಾಡುವುದು ನಿಮ್ಮ ದೇಶದಲ್ಲಿ ಮಾತ್ರ" ಎಂದು ನಕ್ಕು ಹಲ್ಲಿಗೆ ಮಿಶ್ರಿ, ಹುರಿದ ಹೊಗೆಸೊಪ್ಪಿನ ಪುಡಿ, ತಿಕ್ಕುತ್ತಿದ್ದಳು.

ಒಂದು ವರ್ಷ ಕಲ್ಯಾಣದ ಕಚೇರಿಯಿಂದ ಒಬ್ಬ ಮ್ಯಾಡಮ್ ಸ್ಕೂಟರಿನಲ್ಲಿ ಆ ಊರಿಗೆ ಬಂದು ಜಾಗದ ಒಡೆಯರನ್ನೆಲ್ಲ ಕರೆಸಿದಳು. ಸರ್ಕಾರದ ಹೊಸ ಯೋಜನೆ. ಇಳಿಜಾರಿನ ಮರಗಳನ್ನು ಐದು ವರ್ಷ ಹಾಗೆಯೇ ಬಿಡಬೇಕು. ಕೊಂಬೆ ಕಡಿಯಬಾರದು, ಬೆಂಕಿ ಹಾಕಬಾರದು, ಹಾಗೆ ಬಿಟ್ಟದ್ದಕ್ಕೆ ವರ್ಷ ವರ್ಷ ಒಡೆಯರ ಖಾತೆಗೆ ಅನುದಾನ ಬರುತ್ತದೆ. ನಮ್ಮವರಿಗೆ ಬಹಳ ಖುಷಿಯಾಯಿತು. "ಎಂತದೂ ಮಾಡದೆ ಕೂತರೆ ಹಣ ಕೊಡುವ ಸರ್ಕಾರ ಇದೇ ಮೊದಲು ನೋಡುವುದು" ಎಂದರು. ಫಾರ್ಮು ಮರಾಠಿಯಲ್ಲಿತ್ತು. ನಾನು ಓದಿಸಿ ಕೇಳಿದೆ, ಕೈ ತೊಳೆದು ಬಂದು, ದೇವರನ್ನು ನೆನೆದು ಸಹಿ ಮಾಡಿದೆ. ಸ್ಟಾಂಪ್ ಪೇಪರಿನ ಮೇಲಿನ ಮಾತು ನನಗೆ ದೇವರ ಮುಂದೆ ಆಡಿದ ಮಾತಿನಷ್ಟೇ. ಆದರೆ ಆ ಮಾತು ಮಾವಶಿಗೆ ಎಲ್ಲಿ ತಾಗುತ್ತದೆ ಎಂದು ಆಗ ನನಗೆ ಹೊಳೆಯಲಿಲ್ಲ.

ಹಣ ಬಂದಾಗ ಎರಡನೆಯ ತಪ್ಪು ಮಾಡಿದೆ. ಅದನ್ನು ತಪ್ಪು ಎಂದು ಬರೆಯಲು ಈಗಲೂ ಮನಸ್ಸು ಹಿಂಜರಿಯುತ್ತದೆ. ಇವರ ಮೊಣಕಾಲಿನ ಆಪರೇಷನ್ ಆದ ದಿನ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಟಿಟ್ವಾಳಾದ ಗಣಪತಿಗೆ ಹೇಳಿಕೊಂಡಿದ್ದೆ: ಇವರು ಮತ್ತೆ ತಮ್ಮ ಕಾಲಿನ ಮೇಲೆ ನಡೆದರೆ, ನಿನ್ನ ಊರಿನ ಜಾಗದಿಂದ ಬರುವ ಮೊದಲ ಆದಾಯ ಪೂರ್ತಿ ನಿನಗೆ. ಆ ಜಾಗದಿಂದ ಅಲ್ಲಿಯವರೆಗೆ ನಮಗೆ ಒಂದು ಕಾಸೂ ಬಂದಿರಲಿಲ್ಲ, ಬರುವ ಸೂಚನೆಯೂ ಇರಲಿಲ್ಲ. ಇವರು ನಡೆದರು. ಅನುದಾನ ಬಂತು. ಬ್ಯಾಂಕಿನಿಂದ ಬಿಡಿಸಿ ತಂದು, ಅರಿಶಿನದಲ್ಲಿ ಅದ್ದಿದ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಗೂಡಿನಲ್ಲಿಟ್ಟೆ. ಮಂಗಳವಾರ ಬೀಳುವ ಅಂಗಾರಕ ಸಂಕಷ್ಟಿಗೆ ಒಪ್ಪಿಸುವುದೆಂದು ಕಾದೆ. ಮುಡಿಪು ಕಟ್ಟಿದ ಹಣವನ್ನು ಮನೆಯ ಖರ್ಚಿಗೆ ಮುಟ್ಟುವ ಹಾಗಿಲ್ಲ, ಯಾರಿಗೂ ಕೊಡುವ ಹಾಗಿಲ್ಲ. ನಮ್ಮ ಊರಿನ ಯಾವ ಹೆಂಗಸನ್ನು ಕೇಳಿದರೂ ಅದನ್ನೇ ಹೇಳುತ್ತಾಳೆ.

ಜನವರಿಯಲ್ಲಿ ಮಾವಶಿಗೆ ಎಳ್ಳುಂಡೆ ಕೊಡಲು ಹೋದೆ. ಅವಳು ಕತ್ತಿ ಮಸೆಯುತ್ತಾ ಕೂತಿದ್ದಳು.

"ಎಂತಕ್ಕೆ ಕತ್ತಿ?"

"ರಾಬಿಗೆ. ಇನ್ನೆಂತಕ್ಕೆ?"

ರಾಬ್ ಎಂದರೆ ಆ ಕಡೆಯವರು ಭತ್ತದ ನೇಜಿ ಬೆಳೆಸುವ ಸಸಿಮಡಿಯನ್ನು ಸುಡುವ ಪದ್ಧತಿ. ಚಳಿಗಾಲದಲ್ಲಿ ಮತ್ತಿಯ ಕೊಂಬೆ ಕಡಿದು ಒಣಗಿಸಿ, ಬೇಸಗೆಯಲ್ಲಿ ಮಡಿಯ ಮೇಲೆ ಸೆಗಣಿ, ಕೊಂಬೆ, ಎಲೆ, ಹುಲ್ಲು ಹರಡಿ, ಮೇಲೆ ತೆಳ್ಳಗೆ ಮಣ್ಣು ಹಾಕಿ ಸುಡುತ್ತಾರೆ. ಕಳೆಯ ಬೀಜ ಸಾಯುತ್ತದೆ, ಬೂದಿ ಗೊಬ್ಬರವಾಗುತ್ತದೆ. ಮೊದಲ ಮಳೆ ಬಿದ್ದಾಗ ಕಪ್ಪು ಮಡಿಯ ಮೇಲೆ ಬೀಜ ಚೆಲ್ಲುತ್ತಾರೆ. ನನ್ನ ಅಮ್ಮ ಹಿತ್ತಲಿನಲ್ಲಿ ಸುಡುಮಣ್ಣು ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಹೀಗೆಯೇ. ಮೊದಲ ಸಲ ಮಾವಶಿಯ ಗದ್ದೆಯಲ್ಲಿ ಆ ಹೊಗೆಯ ವಾಸನೆ ಬಂದಾಗ ನಾನು ಅಲ್ಲಿಯೇ ನಿಂತುಬಿಟ್ಟಿದ್ದೆ.

ಈ ವರ್ಷ ಕೊಂಬೆ ಕಡಿಯುವ ಹಾಗಿಲ್ಲ ಎಂದೆ. ಯಾಕೆಂದು ಹೇಳಿದೆ. ಅವಳು ಕತ್ತಿ ಮಸೆಯುವುದನ್ನು ನಿಲ್ಲಿಸಲಿಲ್ಲ.

"ಮತ್ತೆ ಏನು ಸುಡಲಿ, ನನ್ನ ತಲೆಗೂದಲಾ?"

"ಗೊಬ್ಬರ ತಂದು ಹಾಕಿದರೆ ಆಗದಾ?"

"ಗೊಬ್ಬರ ಕಳೆಯನ್ನೂ ಸಾಕುತ್ತೆ ಅಕ್ಕಾ. ಕಳೆ ಕೀಳಲು ನಾಲ್ಕು ಆಳು ಬೇಕು. ಆಳಿಗೆ ಕೂಲಿ ಯಾರು ಕೊಡುತ್ತಾರೆ? ಸರ್ಕಾರವಾ?" ಆಮೇಲೆ ಕತ್ತಿಯನ್ನು ಪಕ್ಕಕ್ಕಿಟ್ಟು ಎಳ್ಳುಂಡೆ ಕಡಿದಳು. "ನಿನಗೆ ಕೆಲಸ ಮಾಡದ್ದಕ್ಕೆ ದುಡ್ಡು ಬಂತು. ನನಗೆ ಮಾಡಿದ್ದಕ್ಕೂ ಯಾರೂ ಕೊಟ್ಟವರಿಲ್ಲ. ಉಂಡೆ ಚೆನ್ನಾಗಿದೆ."

ಬಂದ ಹಣದಲ್ಲಿ ಅವಳಿಗೆ ಆಳು, ಗೊಬ್ಬರ ಎರಡನ್ನೂ ಮಾಡಿಕೊಡಬಹುದಿತ್ತು. ಆದರೆ ಅದು ಮುಡಿಪಿನಲ್ಲಿತ್ತು. ಅವಳ ಒಂದು ವರ್ಷದ ಅನ್ನ ಆ ಮಡಿಯ ಮೇಲೆ ನಿಂತಿದೆ ಎಂದು ತಿಳಿದೂ ನಾನು ಬಟ್ಟೆಯ ಗಂಟಿಗೆ ಕೈ ಹಾಕಲಿಲ್ಲ. ಮನೆಯಲ್ಲಿ ಇವರ ಹತ್ತಿರ ಹೇಳಿದರೆ, "ಬೇರೆ ಹಣ ಎಲ್ಲುಂಟು ಮಾರಾಯ್ತಿ? ನನ್ನ ಕಾಲಿಗೇ ಎಲ್ಲ ಹೋಯಿತಲ್ಲ" ಎಂದರು. ಅದೂ ಸುಳ್ಳಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಬಟ್ಟೆ ಒಣಗಿಸುವಾಗ ಕೆಳಗೆ ನೋಡಿದೆ. ನಮ್ಮ ಹೌಸಿಂಗ್ ಸೊಸೈಟಿಯ ಕಾಂಪೌಂಡಿನಲ್ಲಿ ಎರಡು ಕಾಡುಬಾದಾಮಿ ಮರಗಳಿವೆ. ಕೆಂಪಾದ ಎಲೆಗಳು ಅಂಗಳ ತುಂಬ ಬಿದ್ದಿದ್ದವು. ಗುಡಿಸುವವಳು ಬೈಯುತ್ತಾ ರಾಶಿ ಹಾಕುತ್ತಿದ್ದಳು. ದೇವರು ದಾರಿ ತೋರಿಸಿದ ಎಂದುಕೊಂಡೆ. ಆ ದಿನದಿಂದ ಎರಡು ತಿಂಗಳು ಎಲೆ ಕೂಡಿಟ್ಟೆ. ಅಕ್ಕಿಯ ಗೋಣಿಗಳಲ್ಲಿ ತುಂಬಿ ಮೆಟ್ಟಿಲಿನ ಅಡಿಯಲ್ಲಿ ಇಟ್ಟೆ. ಸೊಸೈಟಿಯ ಸೆಕ್ರೆಟರಿ, "ಕಾಕೂ, ಆಡು ಸಾಕುತ್ತೀರಾ?" ಎಂದು ಕೇಳಿದರು. ಮಧ್ಯಾಹ್ನದ ಖಾಲಿ ಲೋಕಲಿನಲ್ಲಿ ಎರಡೆರಡು ಗೋಣಿ ಲಗೇಜ್ ಡಬ್ಬಕ್ಕೆ ಏರಿಸಿ ಟಿಟ್ವಾಳಾಕ್ಕೆ ಒಯ್ದೆ. ಮೀನಿನ ಬುಟ್ಟಿ ಖಾಲಿ ಮಾಡಿಕೊಂಡು ಮರಳುವ ಹೆಂಗಸರು ಗೋಣಿ ಮುಟ್ಟಿ ನೋಡಿ, "ಇಷ್ಟು ಹಗುರ ಎಂತದು ತಾಯೀ, ಹಪ್ಪಳವಾ?" ಎಂದರು. ಒಣ ಎಲೆ ಎಂದಾಗ ಮುಖ ಮುಖ ನೋಡಿಕೊಂಡರು. ಆದರೂ ಇಳಿಸುವಾಗ ಕೈ ಕೊಟ್ಟರು. ಆ ದಿನಗಳಲ್ಲಿ ದೀಪ ಹಚ್ಚುವಾಗ ನನ್ನ ಬೆರಳುಗಳೆಲ್ಲ ಸಲೀಸಾಗಿ ಮಡಚುತ್ತಿದ್ದವು. ದಿನದಲ್ಲಿ ಆದ ಒಳ್ಳೆಯದನ್ನು ಒಂದೊಂದೇ ಬೆರಳು ಮಡಚಿ ದೇವರಿಗೆ ಹೇಳುವುದು ಅಮ್ಮನಿಂದ ಬಂದ ಅಭ್ಯಾಸ. ಗೋಣಿ ಹರಿಯಲಿಲ್ಲ, ಒಂದು. ಹೆಂಗಸರು ಕೈ ಕೊಟ್ಟರು, ಎರಡು. ಇವರು ಬೈಯಲಿಲ್ಲ, ಮೂರು.

ಮಾವಶಿ ಎಲೆಯ ರಾಶಿಯನ್ನು ಕೈಯಲ್ಲಿ ಎತ್ತಿ ಬಿಟ್ಟು ನೋಡಿದಳು. ಅವಳಿಗೆ ಮನಸ್ಸು ಬರಲಿಲ್ಲ.

"ಕೊಂಬೆ ಕೂತು ಉರಿಯುತ್ತೆ ಅಕ್ಕಾ. ಎಲೆ ಓಡಿ ಉರಿಯುತ್ತೆ."

"ಮಣ್ಣು ಹಾಕುತ್ತೇವಲ್ಲ ಮೇಲೆ?"

"ಇಂದು ಬೇಡ. ನಾಳೆ ಬೆಳಗಿನ ಜಾವ ಸುಡುತ್ತೇನೆ, ಗಾಳಿ ಏಳುವ ಮೊದಲು. ಮಣ್ಣೂ ದಪ್ಪಗೆ ಹಾಕಬೇಕು."

ಅದು ಏಪ್ರಿಲ್ ತಿಂಗಳ ಮಧ್ಯಾಹ್ನ. ಕೊನೆಯ ಎರಡು ಗೋಣಿ ತಂದಿದ್ದೆ. ಅವಳು ಹೇಳಿದ್ದು ಸರಿ ಎಂದು ನನಗೆ ಗೊತ್ತಾಗದೆ ಇರಲಿಲ್ಲ. ಆದರೆ ಎರಡು ತಿಂಗಳು ಹೊತ್ತವಳು ನಾನು. ಸುಡುವುದನ್ನು ನೋಡಬೇಕಿತ್ತು. ಅಮ್ಮನ ಹಿತ್ತಲಿನ ಆ ವಾಸನೆಯನ್ನು ಇನ್ನೊಮ್ಮೆ ಮೂಸಬೇಕಿತ್ತು. "ನಾನು ಇರುವಾಗಲೇ ಆಗಿಬಿಡಲಿ. ಗಾಳಿ ಅಷ್ಟೇನೂ ಇಲ್ಲ" ಎಂದೆ. ಅವಳು ಇಳಿಜಾರಿನ ಕಡೆ ನೋಡಿದಳು, ನನ್ನನ್ನು ನೋಡಿದಳು. ಜಾಗದ ಒಡತಿ ಇಲ್ಲಿ ಯಾರೆಂದು ಆ ಕ್ಷಣ ಇಬ್ಬರಿಗೂ ನೆನಪಾಗಿರಬೇಕು. ನಾನು ಪರ್ಸಿನಿಂದ ಕರ್ಪೂರ ತೆಗೆದು ಎಲೆಯ ಮೇಲಿಟ್ಟು ಕೈ ಮುಗಿದೆ. ಗೀರು ಎಂದೆ. ಅವಳು ಕಡ್ಡಿ ಗೀರಿದಳು.

ಸ್ವಲ್ಪ ಹೊತ್ತು ಎಲ್ಲ ಚೆನ್ನಾಗಿತ್ತು. ವಾಸನೆಯೂ ಬಂತು. ಆಮೇಲೆ ಗಾಳಿ ಒಂದು ಸಲ ಬೀಸಿತು. ಉರಿಯುವ ಬಾದಾಮಿ ಎಲೆಗಳು ಅಂಗೈಯಷ್ಟು ಅಗಲ. ಒಂದರ ಹಿಂದೆ ಒಂದು ಎದ್ದು ಇಳಿಜಾರಿನ ಒಣ ಹುಲ್ಲಿನ ಮೇಲೆ ಹೋಗಿ ಕೂತವು. ಹುಲ್ಲು ಹತ್ತಿಕೊಂಡಿತು. ಮಾವಶಿ ಓಡಿದಳು. ಬೆಂಕಿ ಬಡಿಯಲು ಹಸಿ ಸೊಪ್ಪು ಬೇಕು. ಅವಳು ಹತ್ತಿರದ ಮತ್ತಿಯಿಂದಲೇ ಕೊಂಬೆ ಮುರಿದು ಬಡಿಯತೊಡಗಿದಳು. ನನಗೂ ಒಂದು ಮುರಿದು ಎಸೆದಳು. ಯಾವ ಕೊಂಬೆಯನ್ನು ಕಡಿಯಬೇಡ ಎಂದು ನಾನು ಹೇಳಿದ್ದೆನೋ ಅದರಿಂದಲೇ ನಾನು ಸೀರೆ ಎತ್ತಿ ಕಟ್ಟಿ ಬೆಂಕಿ ಬಡಿದೆ. ಪಕ್ಕದ ಗದ್ದೆಯವರು ಇಬ್ಬರು ಬಂದರು. ಆರಿದಾಗ ಇಳಿಜಾರಿನ ಕಾಲು ಭಾಗ ಕಪ್ಪಾಗಿತ್ತು. ಮಾವಶಿಯ ಮೊಣಕೈ ಸುಟ್ಟಿತ್ತು. ಗುಡಿಸಲು ಉಳಿಯಿತು. ಅದೊಂದು ಪುಣ್ಯ.

ಅವಳು ನನ್ನ ಕೂದಲಿಗೆ ಅಂಟಿದ ಬೂದಿ ಕೊಡವಿ, "ಗಾಡಿ ತಪ್ಪುತ್ತೆ, ಹೊರಡು" ಎಂದಳು.

ನಾಲ್ಕು ದಿನ ಬಿಟ್ಟು ಮ್ಯಾಡಮ್ ಫೋನ್ ಮಾಡಿ ಜಾಗಕ್ಕೆ ಬರಹೇಳಿದಳು. ಯಾರೋ ಫೋಟೋ ಕಳಿಸಿದ್ದರಂತೆ. ಕಾಲು ಎಳೆಯುತ್ತಾ ಇವರೂ ನನ್ನ ಜೊತೆ ಬಂದರು. ಮ್ಯಾಡಮ್ ಸುಟ್ಟ ಹುಲ್ಲಿನ, ಮುರಿದ ಕೊಂಬೆಗಳ ಫೋಟೋ ತೆಗೆದುಕೊಂಡಳು. ಮಾವಶಿ ನೀರಿನ ತಂಬಿಗೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

"ಬೆಂಕಿ ಹಚ್ಚಿದ್ದು ಯಾರು?" ಎಂದು ಮ್ಯಾಡಮ್ ಕೇಳಿದಳು.

ನಾನು ಬಾಯಿ ತೆರೆಯುವ ಮೊದಲು ಇವರು, "ಈ ಹೆಂಗಸು. ನಾವು ಡೊಂಬಿವ್ಲಿಯಲ್ಲಿ ಇರುವವರು, ನಮಗೆ ಹೇಗೆ ಗೊತ್ತಾಗಬೇಕು?" ಎಂದರು.

ಮಾವಶಿ ನನ್ನನ್ನು ನೋಡಿದಳು. ನಾನು ನನ್ನ ಚಪ್ಪಲಿಗೆ ಹತ್ತಿದ ಬೂದಿಯನ್ನು ನೋಡಿದೆ.

"ಹೌದು, ಕಡ್ಡಿ ಗೀರಿದ್ದು ನಾನೇ" ಎಂದಳು ಅವಳು. ಅದು ನಿಜವೂ ಆಗಿತ್ತು. ತಂಬಿಗೆಯನ್ನು ಕಲ್ಲಿನ ಮೇಲಿಟ್ಟು ಗುಡಿಸಲಿನ ಒಳಗೆ ಹೋದಳು.

ಮ್ಯಾಡಮ್ ಕೆಟ್ಟವಳಲ್ಲ. ನಮಗೆ ಸಹಾಯ ಆಗಲಿ ಎಂದೇ ದಾರಿ ಹೇಳಿದಳು: ಒಡೆಯರಿಗೆ ತಿಳಿಯದೆ ಆಯಿತು ಎಂದು ಬರೆದು ಕೊಡಿ, ಹಾಗೆ ಮಾಡಿದವರನ್ನು ಜಾಗದಿಂದ ಬಿಡಿಸಿದ್ದೇವೆ ಎಂದು ಸೇರಿಸಿ, ಮುಂದಿನ ವರ್ಷಗಳ ಅನುದಾನ ನಿಲ್ಲುವುದಿಲ್ಲ. ಸೋಮವಾರ ಕಲ್ಯಾಣದ ಕಚೇರಿಗೆ ತನ್ನಿ.

ಅಂದು ಶುಕ್ರವಾರ. ಮನೆಗೆ ಬರುವ ದಾರಿಯಲ್ಲಿಯೇ ಇವರು ಸ್ಟೇಷನ್ ಪಕ್ಕದ ಅಂಗಡಿಯಲ್ಲಿ ಮರಾಠಿಯಲ್ಲಿ ಟೈಪ್ ಮಾಡಿಸಿದರು. ನನ್ನ ಸಹಿಗೆ ಜಾಗ ಬಿಟ್ಟಿತ್ತು.

"ಗೀರು ಅಂದದ್ದು ನಾನು" ಎಂದೆ ಊಟಕ್ಕೆ ಬಡಿಸುವಾಗ.

"ಗೊತ್ತುಂಟು."

"ಅವಳು ಬೇಡ ಅಂದಿದ್ದಳು."

ಇವರು ಅನ್ನಕ್ಕೆ ಸಾರು ಹಾಕಿ ಕಲಸಿದರು. "ಅವಳಿಗೆ ಹೋಗಲು ಕಾಡುಂಟು, ಜನ ಉಂಟು. ನಾಳೆ ಅವಳೇ ಜಾಗ ತನ್ನದು ಎಂದು ಡಿಕ್ಲರೇಶನ್ ಕೊಟ್ಟರೆ ನೀನು ಏನು ಮಾಡುತ್ತೀ? ಈಗ ಒಂದು ನೆಪ ಸಿಕ್ಕಿದೆ. ನಾನು ಕೆಟ್ಟವನೆಂದು ತಿಳಿಯಬೇಡ. ನನ್ನ ನಂತರ ನಿನಗೆ ಇರುವುದು ಅದೊಂದೇ."

ನನ್ನ ಮೇಲಿನ ಚಿಂತೆಯಿಂದಲೇ ಆಡಿದ ಮಾತು.  ಶನಿವಾರ ದೀಪ ಹಚ್ಚಿ ಕೂತರೆ ಒಂದು ಬೆರಳೂ ಮಡಚಲಿಲ್ಲ. ಒಳ್ಳೆಯದೇನೂ ಆಗಿರಲಿಲ್ಲವೆಂದಲ್ಲ, ಹಾಲು ಉಕ್ಕಲಿಲ್ಲ, ಇವರಿಗೆ ಕಾಲು ನೋವು ಕಡಿಮೆ ಇತ್ತು. ಆದರೆ ಎಣಿಸಲು ನಾಚಿಕೆಯಾಯಿತು. ಭಾನುವಾರವೂ ಹಾಗೆಯೇ. ಗೂಡಿನಲ್ಲಿ ಮುಡಿಪಿನ ಗಂಟು ಹಳದಿಯಾಗಿ ಕೂತಿತ್ತು. ದೇವರಿಗೆ ಕೊಟ್ಟ ಮಾತು ಉಳಿಸಲು ನಾನು ಒಂದು ಹೆಂಗಸಿನ ಅನ್ನದ ದಾರಿ ಮುಚ್ಚಿದ್ದೆ, ಆಮೇಲೆ ಎಲೆ ಹೊತ್ತು ಆ ಪಾಪ ತೊಳೆಯಲು ಹೋಗಿದ್ದೆ. ಈಗ ಅವಳನ್ನೇ ಜಾಗದಿಂದ ಎಬ್ಬಿಸಿ ಉಳಿದ ವರ್ಷಗಳ ಹಣ ತಿನ್ನಬೇಕಾಗಿತ್ತು. ಗಣಪತಿ ಅದನ್ನು ಮುಟ್ಟಿಯಾನೇ?

ಸೋಮವಾರ ಒಬ್ಬಳೇ ಹೋದೆ. ಟೈಪ್ ಮಾಡಿಸಿದ ಕಾಗದ ಪರ್ಸಿನಲ್ಲಿತ್ತು. ಮುಡಿಪೂ ಇತ್ತು. ಕಲ್ಯಾಣದ ಕಚೇರಿಯ ಬೆಂಚಿನ ಮೇಲೆ ಕೂತು, ನನಗೆ ಬರುವಷ್ಟು ಮರಾಠಿಯಲ್ಲಿ ಬೇರೆ ಹಾಳೆಯ ಮೇಲೆ ಬರೆದೆ: ಎಲೆ ನಾನು ತಂದದ್ದು, ಮಾವಶಿ ಬೇಡ ಎಂದಳು, ನಾನು ಹಚ್ಚು ಎಂದೆ, ಕೊಂಬೆ ಮುರಿದದ್ದು ಬೆಂಕಿ ಆರಿಸಲು.

ಮ್ಯಾಡಮ್ ಎರಡು ಸಲ ಓದಿದಳು. "ಕಾಕೂ, ಹೀಗೆ ಯಾರೂ ಬರೆಯುವುದಿಲ್ಲ. ಇದನ್ನು ತೆಗೆದುಕೊಂಡರೆ ನಿಮ್ಮ ಹೆಸರು ತೆಗೆಯಬೇಕಾಗುತ್ತದೆ. ಬಂದ ಹಣವನ್ನೂ ವಾಪಸ್ ಕಟ್ಟಬೇಕು."

"ತಂದಿದ್ದೇನೆ" ಎಂದೆ.

ಬ್ಯಾಂಕಿನಲ್ಲಿ ಚಲನ್ ತುಂಬಿ ಗಂಟು ಬಿಚ್ಚಿದೆ. ನೋಟುಗಳ ಅಂಚಿಗೆಲ್ಲ ಅರಿಶಿನ ಹತ್ತಿತ್ತು. ಕೌಂಟರಿನ ಹೆಂಗಸು ಬೆರಳು ಮೂಸಿ, "ಯಾರ ಮದುವೆ?" ಎಂದು ಕೇಳಿದಳು. ಖಾಲಿ ಬಟ್ಟೆಯನ್ನು ಮಡಚಿ ಪರ್ಸಿಗೆ ಹಾಕಿಕೊಂಡು, ಮನೆಗೆ ಹೋಗದೆ ಟಿಟ್ವಾಳಾದ ಗಾಡಿ ಹತ್ತಿದೆ. ದೇವಸ್ಥಾನದಲ್ಲಿ ಸಾಲು ಇರಲಿಲ್ಲ. ನಿನ್ನ ಹಣ ನಾನು ಸರ್ಕಾರಕ್ಕೆ ಕಟ್ಟಿಬಿಟ್ಟೆ, ಬೈಯುವುದಾದರೆ ನನ್ನನ್ನು ಬೈ, ಇವರ ಕಾಲಿಗೆ ಏನೂ ಮಾಡಬೇಡ ಎಂದೆ. ದೂರ್ವೆಯ ಒಂದು ಎಸಳು ಭಟ್ಟರ ಕೈಯಿಂದ ನನ್ನ ಸೆರಗಿಗೆ ಬಿತ್ತು. ಅದಕ್ಕೆ ಅರ್ಥ ಕಟ್ಟಲು ಹೋಗಲಿಲ್ಲ. ಎರಡು ದಿನ ತಪ್ಪಿದ ಮೇಲೆ ಅಂದು ಒಂದು ಬೆರಳು ಮಡಚಿದೆ, ಅಷ್ಟೇ.

ಇವರು ಒಂದು ವಾರ ಮಾತಾಡಲಿಲ್ಲ. ಆಮೇಲೆ ಒಂದು ದಿನ ಚಹಾ ಕುಡಿಯುತ್ತಾ, "ನೈವೇದ್ಯವನ್ನು ಗಣಪತಿಗಿಂತ ಮೊದಲು ಸರ್ಕಾರಕ್ಕೆ ಇಟ್ಟವಳು ನೀನೊಬ್ಬಳೇ" ಎಂದರು. ಸಿಟ್ಟು ಇಳಿದದ್ದು ತಿಳಿಯಿತು, ಪೂರ್ತಿ ಹೋದದ್ದಲ್ಲ.

ಮಾವಶಿಯನ್ನು ನೋಡುವ ಧೈರ್ಯ ಬಂದದ್ದು ಜುಲೈಯಲ್ಲಿ. ಮಳೆ ಸ್ವಲ್ಪ ಬಿಟ್ಟಿತ್ತು. ಅವಳು ನೇಜಿ ಕೀಳುತ್ತಿದ್ದಳು. ಎಲೆ ಚೆನ್ನಾಗಿ ಸುಟ್ಟ ಕಡೆ ನೇಜಿ ದಟ್ಟವಾಗಿತ್ತು. ಗಾಳಿಗೆ ಹಾರಿಹೋದ ಕಡೆ ಬರೀ ಕಳೆ. ಗದ್ದೆಯ ಅರ್ಧಕ್ಕೆ ಸಾಲುವಷ್ಟು ಇತ್ತು. ಕಚೇರಿಯಲ್ಲಿ ಏನು ಬರೆದೆ ಎಂದು ಹೇಳಿದೆ. ಅಂದು ಅವಳ ಎದುರಿಗೆ ಸುಮ್ಮನಿದ್ದದ್ದು ತಪ್ಪಾಯಿತು ಎಂದೂ ಹೇಳಿದೆ. ಅವಳು ಕೇಳಿದಳು. ಕೈ ತೊಳೆದು, ಗುಡಿಸಲಿಗೆ ಕರೆದು, ಕಪ್ಪು ಚಹಾ ಮಾಡಿ ಕೊಟ್ಟಳು. ಮೊಣಕೈಯ ಸುಟ್ಟ ಜಾಗ ಬಿಳಿಯಾಗಿ ನುಣ್ಣಗಾಗಿತ್ತು.

"ಅಕ್ಕಾ" ಎಂದಳು. ಅಕ್ಕಾ ಎಂದೇ ಕರೆದಳು. "ನನ್ನನ್ನು ಇಲ್ಲಿಂದ ಎಬ್ಬಿಸುವುದಿಲ್ಲ ಅಂತ ಕಾಗದದ ಮೇಲೆ ಬರೆದು ಕೊಡು."

ನಾನು ಚಹಾದ ಲೋಟ ಕೆಳಗಿಟ್ಟೆ. "ಇಪ್ಪತ್ತು ವರ್ಷ ಕೇಳಿದವಳಲ್ಲ."

"ಇಪ್ಪತ್ತು ವರ್ಷ ಬೇಕಾಗಿರಲಿಲ್ಲ."

ಹೊರಗೆ ಮತ್ತೆ ಮಳೆ ಹಿಡಿಯಿತು. ಅಪ್ಪನ ಗದ್ದೆ ನೆನಪಾಯಿತು, ಒಕ್ಕಲಿನವರ ಡಿಕ್ಲರೇಶನ್ ಬಂದ ದಿನ ಅಮ್ಮ ಅಡುಗೆ ಮಾಡದೆ ಕೂತದ್ದು ನೆನಪಾಯಿತು. ಇವರ ಮಾತು ಕಿವಿಯಲ್ಲಿತ್ತು. ಪರ್ಸು ತೆರೆದರೆ ಕೈಗೆ ಸಿಕ್ಕಿದ ಕಾಗದ, ಇವರು ಟೈಪ್ ಮಾಡಿಸಿದ್ದು. ಹಿಂಬದಿ ಖಾಲಿ ಇತ್ತು. ಅದರ ಮೇಲೆ ಬರೆಯಲು ಕೈ ಬರಲಿಲ್ಲ. ಹರಿದು ಒಲೆಗೆ ಹಾಕಿದೆ. ಅವಳ ಗೋಡೆಯ ಮೇಲಿನ ಕ್ಯಾಲೆಂಡರಿನಿಂದ ಮುಗಿದ ತಿಂಗಳ ಹಾಳೆ ಕಿತ್ತು, ಬೆನ್ನಿನ ಮೇಲೆ ಬರೆದೆ: ಈ ಗುಡಿಸಲಿನಲ್ಲಿ ಇವಳು ಬದುಕಿರುವವರೆಗೆ ಇರಬಹುದು, ಕೆಳಗಿನ ಗದ್ದೆ ಬೆಳೆಯಬಹುದು, ನಾನಾಗಲಿ ನನ್ನ ಮನೆಯವರಾಗಲಿ ಎಬ್ಬಿಸುವುದಿಲ್ಲ. ಸಹಿ ಮಾಡಿದೆ. ಈ ಸಲ ಕೈ ತೊಳೆಯುವುದು ಮರೆತೇಹೋಯಿತು.

"ಓದು" ಎಂದಳು. ಓದಿದೆ. "ಇನ್ನೊಂದು ಸಲ" ಎಂದಳು. ಮತ್ತೆ ಓದಿದೆ. ಆಮೇಲೆ ನಾಲ್ಕು ಮಡಿಕೆ ಮಾಡಿ, ಬಿತ್ತಿ ಉಳಿದ ಬೀಜದ ಭತ್ತ ಇಟ್ಟ ಡಬ್ಬಿಯೊಳಗೆ ಭತ್ತದ ನಡುವೆ ತೂರಿಸಿ ಮುಚ್ಚಳ ಹಾಕಿದಳು.

ಸಂಜೆ ದೀಪ ಹಚ್ಚಿದಾಗ ಒಂದು ಬೆರಳು ಮಡಚಿದೆ: ಅವಳು ಕೇಳಿದಳಲ್ಲ, ಕೇಳದೆ ಹೊರಟುಹೋಗಲಿಲ್ಲ. ಎರಡನೆಯ ಬೆರಳು ಅರ್ಧಕ್ಕೇ ನಿಂತಿತು. ಒಳಗಿನ ಕೋಣೆಯಿಂದ ಇವರು, "ಮಾವಶಿ ಎಂತ ಹೇಳಿದಳು?" ಎಂದು ಕೇಳುತ್ತಿದ್ದರು. ನೇಜಿ ಅರ್ಧ ಗದ್ದೆಗೆ ಸಾಲುತ್ತದಂತೆ ಎಂದೆ. ಕಾಗದದ ವಿಷಯ ಇನ್ನೂ ಹೇಳಿಲ್ಲ.